ವಿದ್ಯಾರ್ಥಿಯ ಕಿಸೆಯೂ ಹಾಡುವ ಪೆಟ್ಟಿಗೆಯೂ

"ಲೇ, ಈ ಕಾಲದಾಗ ಸೀಡಿ ಯಾರ ಕೇಳ್ತಾರಲೇ?"

ನನ್ನ ಲೇಖನದ ವಿಷಯವನ್ನು ಕೇಳಿದೊಡನೆ ಗೆಳೆಯನೊಬ್ಬನು ಹೀಗೆಂದು ನಕ್ಕನು. ಅವನ ಕೈಯಲ್ಲಿ ಮೊಬೈಲಿತ್ತು, ಕಿವಿಯಲ್ಲಿ ಅದರ ತಂತಿಯಿತ್ತು. ನಗುವ ಅಧಿಕಾರ ಅವನಿಗೆ ಇದ್ದೇ ಇದೆ. ಆದರೆ ನಕ್ಕ ಮಾತ್ರಕ್ಕೆ ಪ್ರಶ್ನೆ ತೀರಿಹೋಗುವುದಿಲ್ಲ. ಅಲ್ಪ ಹಣವುಳ್ಳ ವಿದ್ಯಾರ್ಥಿಯು ಹಾಡು ಕೇಳುವ ಪೆಟ್ಟಿಗೆಯೊಂದನ್ನು ಕೊಳ್ಳಹೊರಟರೆ ಎಂಥದನ್ನು ಕೊಳ್ಳಬೇಕು, ಯಾರಿಗಾಗಿ ಕೊಳ್ಳಬೇಕು ಎಂಬುದು ಬರಿಯ ಅಂಗಡಿಯ ವ್ಯವಹಾರವಲ್ಲವೆಂದು ನನ್ನ ನಂಬಿಕೆ. ಆ ನಂಬಿಕೆ ನನಗೆ ಬಂದ ಬಗೆಯನ್ನು ಗುರುಗಳ ಹಾಗೂ ಮಿತ್ರರ ಮುಂದಿಡುತ್ತೇನೆ.

ನಮ್ಮದು ಕುಂದಗೋಳ ತಾಲೂಕಿನ ಒಂದು ಎರೆನೆಲದ ಹಳ್ಳಿ. ನಮ್ಮೂರಿನ ನಿವೃತ್ತ ಮಾಸ್ತರರೊಬ್ಬರು ಕಳೆದ ವರ್ಷ ಊರು ಬಿಟ್ಟು ಮಗನ ಮನೆಗೆ ಹೊರಟಾಗ ನನ್ನನ್ನು ಕರೆದು, ಸಂಗೀತದ 22 ಸೀಡಿಗಳನ್ನು ಕೈಗಿಟ್ಟರು. ಮಲ್ಲಿಕಾರ್ಜುನ ಮನಸೂರ, ಗಂಗೂಬಾಯಿ ಹಾನಗಲ್ಲ, ಭೀಮಸೇನ ಜೋಶಿ, ಬಸವರಾಜ ರಾಜಗುರು—ಎಲ್ಲರೂ ಆ ಒಂದು ಚೀಲದಲ್ಲಿದ್ದರು. "ಇವನ್ನ ಕಪಾಟದಾಗ ಇಟ್ಟು ಪೂಜಿ ಮಾಡಬ್ಯಾಡಪಾ, ಕೇಳು" ಎಂದರು. ಕೇಳಲು ನಮ್ಮ ಮನೆಯಲ್ಲಿ ಯಂತ್ರವಿರಲಿಲ್ಲ. ಸುಗ್ಗಿಯ ರವಿವಾರಗಳಲ್ಲಿ ಮೆಣಸಿನಕಾಯಿ ಬಿಡಿಸಲು ಹೋಗಿ ನಾನು ಕೂಡಿಸಿದ 2,000 ರೂಪಾಯಿ ಮಾತ್ರ ಇತ್ತು. ರೇಡಿಯೋ ಸಹಿತವಾದ ಸೀಡಿ ಯಂತ್ರವನ್ನು ತರಬೇಕೆಂದು ನಿಶ್ಚಯಿಸಿದೆನು. ಇದರಲ್ಲಿ ಇನ್ನೊಂದು ಲೆಕ್ಕವೂ ಇತ್ತು. ಕಣ್ಣು ಮಂದವಾದ ನಮ್ಮ ಅಜ್ಜನಿಗೆ ರೇಡಿಯೋ ಒಂದೇ ಸಂಗಾತಿ. ಅವನ ಹಳೆಯ ರೇಡಿಯೋ ದೀಪಾವಳಿಯಿಂದ ಮೂಕವಾಗಿ ಕುಳಿತಿತ್ತು. ಒಂದೇ ಕಲ್ಲಿಗೆ ಎರಡು ಕಾಯಿ ಬೀಳುವುದಾದರೆ ಯಾರು ಬೇಡವೆಂದಾರು?

ಹುಬ್ಬಳ್ಳಿಯ ಪೇಟೆಯಲ್ಲಿ ಅರ್ಧ ದಿನ ಅಲೆದೆನು. ಹೊಸ ಯಂತ್ರದ ಬೆಲೆ ಆರು ಸಾವಿರದ ಮೇಲಿತ್ತು. ಅದನ್ನು ಕೇಳಿ ಕೈಮುಗಿದು ಹೊರಬಂದೆನು. ಕೊನೆಗೆ ಹಳೆಯ ಸಾಮಾನಿನ ಅಂಗಡಿಯೊಂದರಲ್ಲಿ 1,900 ರೂಪಾಯಿಗೆ ಥಳಥಳಿಸುವ ಪೆಟ್ಟಿಗೆಯೊಂದು ಸಿಕ್ಕಿತು. ನಾನು ಜತೆಗೆ ಒಯ್ದಿದ್ದ ಸೀಡಿಯನ್ನು ಹಾಕಿದೆವು. ಮೊದಲನೆಯ ರಾಗ ಸೊಗಸಾಗಿ ಬಂದಿತು. ಕೊನೆಯದನ್ನು ಹಚ್ಚಿದಾಗ ಯಂತ್ರ ಬಿಕ್ಕತೊಡಗಿತು.

"ಕಡೀದು ಯಾರ ಕೇಳ್ತಾರ ತಮ್ಮಾ? ಅಷ್ಟರಾಗ ನಿದ್ದಿ ಬಂದಿರ್ತದ" ಎಂದನು ಅಂಗಡಿಯವನು.

"ಅಲ್ರೀ ಅಣ್ಣಾರ, ಕಡೀಕ ಇರೂದ ಭೈರವಿ ಐತಿ!" ಎಂದೆನು ನಾನು.

ಈ ಬಿಕ್ಕುವಿಕೆಗೆ ಕಾರಣವುಂಟು. 12 ಸೆಂಟಿಮೀಟರ್ ಅಗಲದ ಈ ತಟ್ಟೆಯನ್ನು ಫಿಲಿಪ್ಸ್ ಹಾಗೂ ಸೋನಿ ಸಂಸ್ಥೆಗಳು ಕೂಡಿ ರೂಪಿಸಿದವು. 1982ರಲ್ಲಿ ಅದು ಮಾರುಕಟ್ಟೆಗೆ ಬಂದಿತು. ಗ್ರಾಮೊಫೋನಿನ ತಟ್ಟೆ ಹೊರಗಿನಿಂದ ಒಳಕ್ಕೆ ಹಾಡಿದರೆ ಸೀಡಿ ಒಳಗಿನಿಂದ ಹೊರಕ್ಕೆ ಹಾಡುತ್ತದೆ. ಒಳಸುತ್ತಿನಲ್ಲಿ ಅದು ನಿಮಿಷಕ್ಕೆ ಸುಮಾರು 500 ಸಲ ತಿರುಗಿದರೆ ಹೊರಸುತ್ತಿಗೆ ಬರುವಾಗ ಸುಮಾರು 200 ಸಲ ತಿರುಗುತ್ತದೆ. ಮುಳ್ಳಿನ ಬದಲು ಲೇಸರ್ ಕಿರಣ, ಅದಕ್ಕೊಂದು ಪುಟ್ಟ ಮಸೂರ. ತಟ್ಟೆಯ ಅಂಚು ತುಸು ಓಲಾಡಿದರೂ, ಮಸೂರದ ಮೇಲೆ ಧೂಳು ಕುಳಿತರೂ, ಬೆರಳಿನ ಜಿಡ್ಡು ಹತ್ತಿದ ಹೊರಸುತ್ತಿನಲ್ಲಿ ಯಂತ್ರ ತಡವರಿಸುತ್ತದೆ. ಆದ್ದರಿಂದ ಹಳೆಯ ಯಂತ್ರವನ್ನು ಕೊಳ್ಳುವವರು ಕೊನೆಯ ಹಾಡನ್ನೇ ಮೊದಲು ಕೇಳಬೇಕು. ಬೇಸಗೆಯಲ್ಲಿ ನಮ್ಮ ಎರೆನೆಲದ ಧೂಳು ಮುಚ್ಚಿದ ಟ್ರಂಕಿನೊಳಕ್ಕೂ ಇಳಿಯುವುದನ್ನು ಬಲ್ಲವರಿಗೆ ಮಸೂರದ ಭವಿಷ್ಯವನ್ನು ಬೇರೆ ಹೇಳಬೇಕಾಗಿಲ್ಲ.

ಎರಡನೆಯ ಪರೀಕ್ಷೆ ಸೆಲ್ಲುಗಳದು. ರೇಡಿಯೋದಲ್ಲಿ ತಿರುಗುವ ಭಾಗವಿಲ್ಲ. ಸೀಡಿಯಲ್ಲಿ ಮೋಟಾರು ತಿರುಗಬೇಕು, ಲೇಸರ್ ಉರಿಯಬೇಕು. ಆದುದರಿಂದ ಅದು ರೇಡಿಯೋದ ಹಲವು ಪಟ್ಟು ವಿದ್ಯುತ್ತನ್ನು ತಿನ್ನುತ್ತದೆ. ನಾನು ನೋಡಿದ ಪೆಟ್ಟಿಗೆಗೆ ದೊಡ್ಡ ಸೆಲ್ಲುಗಳು ಆರು ಬೇಕಿದ್ದವು. ಆನೆಯನ್ನು ಕೊಂಡವನು ಮೇವಿನ ಲೆಕ್ಕವನ್ನೂ ಹಾಕಬೇಕಲ್ಲವೆ? ಸೆಲ್ಲಿನ ಮನೆಯ ಮುಚ್ಚಳ ತೆಗೆದು ನೋಡಿದೆನು, ಸ್ಪ್ರಿಂಗುಗಳು ಹಸಿರುಗಟ್ಟಿದ್ದವು. ಹಿಂದೆ ಯಾವಾಗಲೋ ಸೆಲ್ಲು ಸೋರಿದ್ದರ ಗುರುತು ಅದು.

ಮೂರನೆಯ ಪರೀಕ್ಷೆ ರೇಡಿಯೋದ್ದು. ಅದರಲ್ಲಿ ಎಫ್.ಎಂ. ಮಾತ್ರವಿತ್ತು. ನಮ್ಮ ಭಾಗದವರಿಗೆ ಇದು ಸಣ್ಣ ಕೊರತೆಯಲ್ಲ. ಎಫ್.ಎಂ. ಅಲೆ ಹೆಚ್ಚು ಕಡಿಮೆ ಕಣ್ಣಿನ ನೋಟದಂತೆ ನೇರವಾಗಿ ಸಾಗುತ್ತದೆ. ನಾದ ಇಂಪಾಗಿರುತ್ತದೆ, ಆದರೆ ಗುಡ್ಡ ಅಡ್ಡ ಬಂದರೆ ಕುಗ್ಗುತ್ತದೆ. ಮಧ್ಯಮ ತರಂಗವು ನೆಲವನ್ನು ಹಿಡಿದುಕೊಂಡು ದೂರ ಹೋಗುತ್ತದೆ. ಬಯಲುಸೀಮೆಯ ನವಲಗುಂದ, ಅಣ್ಣಿಗೇರಿಗಳಲ್ಲಿ ಎಫ್.ಎಂ. ಸಾಕೆನಿಸಬಹುದು, ಕಲಘಟಗಿಯ ಗುಡ್ಡದ ಮರೆಯ ಹಳ್ಳಿಯಲ್ಲಿ ಅದೇ ಮಾತನ್ನು ಹೇಳಲಾಗದು. ಇತ್ತೀಚಿನ ವರ್ಷಗಳಲ್ಲಿ ದೇಶದ ಅನೇಕ ಕಡೆ ಮಧ್ಯಮ ತರಂಗದ ಪ್ರಸಾರಯಂತ್ರಗಳನ್ನು ನಿಲ್ಲಿಸಿ ಎಫ್.ಎಂ. ಹೆಚ್ಚಿಸುತ್ತಿರುವುದೂ ನಿಜ. ಆದ್ದರಿಂದ ಇದೊಂದೇ ಸಾಕು, ಅದೊಂದೇ ಸಾಕು ಎಂದು ಹಟ ಹಿಡಿಯದೆ ಎರಡೂ ಇರುವ ರೇಡಿಯೋವನ್ನು ಕೊಳ್ಳುವುದು ಜಾಣತನ. ಮಧ್ಯಮ ತರಂಗ ಗೊರಗೊರ ಎಂದರೆ ಪೆಟ್ಟಿಗೆಯನ್ನು ಮೆಲ್ಲಗೆ ತಿರುಗಿಸಿ ನೋಡಬೇಕು. ಅದರ ಏರಿಯಲ್ಲು ಪೆಟ್ಟಿಗೆಯೊಳಗಿನ ಕಪ್ಪು ಸಲಾಕೆಗೆ ಸುತ್ತಿದ ತಂತಿ. ಅದಕ್ಕೆ ದಿಕ್ಕಿನ ಪಕ್ಷಪಾತವಿದೆ.

ರೇಡಿಯೋದ ಬಗ್ಗೆ ಇಷ್ಟು ಮಾತೇಕೆ ಎಂದು ಕೇಳುವವರಿಗೆ ಒಂದು ಸಂಗತಿಯನ್ನು ನೆನಪಿಸುತ್ತೇನೆ. ನಮ್ಮ ನಾಡಿಗೆ ರೇಡಿಯೋವನ್ನು ತಂದವರು ಒಬ್ಬ ಕಾಲೇಜು ಅಧ್ಯಾಪಕರು. ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಮನಶ್ಶಾಸ್ತ್ರವನ್ನು ಕಲಿಸುತ್ತಿದ್ದ ಎಂ. ವಿ. ಗೋಪಾಲಸ್ವಾಮಿಯವರು 1935ರಲ್ಲಿ ತಮ್ಮ ಮನೆಯಲ್ಲಿಯೇ ಬಾನುಲಿ ಕೇಂದ್ರವನ್ನು ಸ್ಥಾಪಿಸಿದರು. 'ಆಕಾಶವಾಣಿ' ಎಂಬ ಹೆಸರು ಮೊದಲು ಸಂದದ್ದು ಆ ಕೇಂದ್ರಕ್ಕೆ. ಮುಂದೆ 1950ರ ಜನೆವರಿಯಲ್ಲಿ ಧಾರವಾಡ ಕೇಂದ್ರ ಪ್ರಾರಂಭವಾಯಿತು. ವರಕವಿ ಬೇಂದ್ರೆಯವರು ಅದಕ್ಕೆ ಸಲಹೆಗಾರರಾಗಿದ್ದರು. ನಮ್ಮ ಹಿರಿಯರು ಎಮ್ಮೆ ಹಿಂಡುತ್ತ, ಹೊಲದ ಬದುವಿನ ಮೇಲೆ ಬುತ್ತಿ ಬಿಚ್ಚುತ್ತ ಕೇಳಿದ ದನಿ ಅದು.

ಮೊಬೈಲಿನಲ್ಲಿ ಇದೆಲ್ಲವೂ ಇದೆಯಲ್ಲ ಎಂಬ ಗೆಳೆಯನ ವಾದವನ್ನು ನಾನು ತಳ್ಳಿಹಾಕುವುದಿಲ್ಲ. ಮೊಬೈಲು ಇರುವವನಿಗೆ, ರೀಚಾರ್ಜು ಇರುವವರೆಗೆ, ನೆಟ್‌ವರ್ಕು ಸಿಕ್ಕುವಲ್ಲಿ ಎಲ್ಲವೂ ಇದೆ. ನಮ್ಮ ಮನೆಯಲ್ಲಿರುವುದು ಒಂದೇ ಮೊಬೈಲು. ಅದು ನನ್ನ ಜತೆಗೆ ಮುಂಜಾನೆಯ ಬಸ್ಸಿಗೆ ಕಾಲೇಜಿಗೆ ಬರುತ್ತದೆ. ಹಿಂದೆ ಉಳಿಯುವ ಅಜ್ಜನಿಗೆ, ಅವ್ವನಿಗೆ ಅದರಿಂದೇನು ಬಂತು? ಎಷ್ಟೋ ಹೊಸ ಮೊಬೈಲುಗಳಲ್ಲಿ ರೇಡಿಯೋವನ್ನೇ ತೆಗೆದುಹಾಕಿದ್ದರಿಂದ, ಅದನ್ನು ಉಳಿಸಿರೆಂದು 2023ರಲ್ಲಿ ಕೇಂದ್ರ ಸರಕಾರವೇ ತಯಾರಕರಿಗೆ ಸೂಚಿಸಬೇಕಾಯಿತು.

2019ರ ಆಗಸ್ಟಿನ ಮಳೆ ನನಗಿನ್ನೂ ನೆನಪಿದೆ. ಬೆಣ್ಣಿಹಳ್ಳ ತುಂಬಿ ಬಂದಿತ್ತು. ಕರೆಂಟು ಹೋಗಿ ಮೂರನೆಯ ದಿನಕ್ಕೆ ಓಣಿಯ ಮೊಬೈಲುಗಳೆಲ್ಲ ಕಣ್ಣು ಮುಚ್ಚಿದವು. ಆಗ ಅಜ್ಜನ ರೇಡಿಯೋ ಇನ್ನೂ ಬದುಕಿತ್ತು. ನಮ್ಮ ಕಟ್ಟೆಯ ಮೇಲೆ ಇಪ್ಪತ್ತು ಮಂದಿ ಕೂಡಿ, ಯಾವ ರಸ್ತೆ ಮುಚ್ಚಿದೆ, ಎಲ್ಲಿ ನೀರು ಏರಿದೆ ಎಂದು ಉಸಿರು ಬಿಗಿಹಿಡಿದು ಕೇಳಿದರು. ಅಂದು ಆ ಪೆಟ್ಟಿಗೆ ಅಜ್ಜನೊಬ್ಬನದಾಗಿರಲಿಲ್ಲ, ಇಡೀ ಓಣಿಯದಾಗಿತ್ತು. ಹುಬ್ಬಳ್ಳಿಯ ಅಂಗಡಿಯಲ್ಲಿ ನಿಂತಾಗ ನನಗೆ ಇದು ನೆನಪಾಯಿತು. ಥಳಥಳಿಸುವ ಪೆಟ್ಟಿಗೆಯನ್ನು ಅಲ್ಲಿಯೇ ಬಿಟ್ಟು, ಬೇರೆ ಅಂಗಡಿಯಲ್ಲಿ ಮಧ್ಯಮ ತರಂಗ, ಎಫ್.ಎಂ. ಎರಡೂ ಇರುವ, ಕರೆಂಟಿಗೂ ಸೆಲ್ಲಿಗೂ ನಡೆಯುವ ಸಾದಾ ರೇಡಿಯೋವನ್ನು 1,100 ರೂಪಾಯಿಗೆ ಕೊಂಡು ಬಂದೆನು. ಅಜ್ಜನು ಕಿವಿ ಹತ್ತಿರ ತಂದು, "ದನಿ ಛಲೋ ಐತಿ" ಎಂದನು. ಸೀಡಿಗಳು ಮಾತ್ರ ಚೀಲದಲ್ಲಿಯೇ ಉಳಿದವು. ಅದು ನನ್ನನ್ನು ಚುಚ್ಚುತ್ತಲೇ ಇದೆ.

ಇಲ್ಲಿಯೇ ನನ್ನ ಮುಖ್ಯ ಅಭಿಪ್ರಾಯ. ಮನೆಮನೆಗೂ ಬೇಕಾದದ್ದನ್ನು ಒಬ್ಬೊಬ್ಬರಾಗಿ ಕೊಳ್ಳೋಣ. ಒಬ್ಬೊಬ್ಬರ ಕೈಗೆ ನಿಲುಕದ್ದನ್ನು ಕೂಡಿ ಕೊಳ್ಳೋಣ. ರೇಡಿಯೋ ಮೊದಲನೆಯ ಜಾತಿಯದು, ಸೀಡಿ ಯಂತ್ರ ಎರಡನೆಯದು. ನಮ್ಮ ಕಾಲೇಜಿನ ಗ್ರಂಥಾಲಯಕ್ಕೆ ರೇಡಿಯೋ ಸಹಿತವಾದ ಒಳ್ಳೆಯ ಸೀಡಿ ಯಂತ್ರವೊಂದು ಬರಲಿ. ಧೂಳು ಹೋಗದಂತೆ ಅದನ್ನು ಕಪಾಟಿನಲ್ಲಿಡೋಣ. ಶನಿವಾರ ತರಗತಿ ಮುಗಿದ ಮೇಲೆ ಒಂದು ತಾಸು ಕೂಡಿ ಕೇಳೋಣ. ನನ್ನಲ್ಲಿ ಉಳಿದ 900 ರೂಪಾಯಿಯಲ್ಲಿ 500 ರೂಪಾಯಿಯನ್ನೂ ಆ 22 ಸೀಡಿಗಳನ್ನೂ ಕೊಡಲು ನಾನು ಸಿದ್ಧ. ಹನ್ನೆರಡು ಮಿತ್ರರು ಹೀಗೆಯೇ ಮುಂದೆ ಬಂದರೆ ಹೊಸ ಯಂತ್ರವೇ ಬಂದೀತು.

ಸವಾಯಿ ಗಂಧರ್ವರ ಬಳಿ ಕಲಿಯಲು ಗಂಗೂಬಾಯಿಯವರು ಹುಬ್ಬಳ್ಳಿಯಿಂದ ರೈಲಿನಲ್ಲಿ ಕುಂದಗೋಳಕ್ಕೆ ಬರುತ್ತಿದ್ದರು. ಬಾಲಕ ಭೀಮಸೇನರು ಅಬ್ದುಲ್ ಕರೀಮ ಖಾನರ ಗಾನವನ್ನು ಅಂಗಡಿಯೊಂದರ ಗ್ರಾಮೊಫೋನಿನಲ್ಲಿ ಕೇಳಿ, ಅಂಥ ಸಂಗೀತವನ್ನು ಕಲಿಯಬೇಕೆಂದು ಮನೆಬಿಟ್ಟು ಹೊರಟರು. ಆ ಗ್ರಾಮೊಫೋನು ಅವರದಾಗಿರಲಿಲ್ಲ. ಹಾದಿಯಲ್ಲಿ ನಿಂತವರಿಗೂ ಕೇಳುವಂತೆ ಯಾರೋ ಅದನ್ನು ಹಚ್ಚಿದ್ದರು. ನಮ್ಮ ಗ್ರಂಥಾಲಯದಲ್ಲಿಯೂ ಅಂಥದೊಂದು ಪೆಟ್ಟಿಗೆಯನ್ನು ಹಚ್ಚಿಡಬೇಕೆಂದು ಗುರುಗಳಲ್ಲಿ ನನ್ನ ವಿನಯಪೂರ್ವಕ ವಿನಂತಿ. ನಕ್ಕ ಗೆಳೆಯನಿಗೂ ಶನಿವಾರದ ಆಮಂತ್ರಣವಿದೆ. ಆದರೆ ಭೈರವಿ ಮುಗಿಯುವ ತನಕ ಅವನು ಏಳಬಾರದು.