ರಟ್ಟಿನಲ್ಲಿ ತೊಗಲಿನ ಪಾಠ ಬೇಡ

2025ರಲ್ಲಿ ಕೊಪ್ಪಳ ತಾಲ್ಲೂಕಿನ ಮೋರನಾಳದ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರಿಗೆ ಪದ್ಮಶ್ರೀ ಬಂದ ಮೇಲೆ ನಮ್ಮ ಪ್ರಶಿಕ್ಷಣಾರ್ಥಿಗಳ ಪಾಠಯೋಜನೆಗಳಲ್ಲಿ ತೊಗಲುಗೊಂಬೆ ಮತ್ತೆ ಮತ್ತೆ ಕಾಣಿಸಿಕೊಳ್ಳತೊಡಗಿತು. ಸಂತೋಷವೇ. ಆದರೆ ಪಾಠೋಪಕರಣವೆಂದು ತರಗತಿಗೆ ಬಂದದ್ದು ರಟ್ಟಿನ ಗೊಂಬೆ. ಬಣ್ಣ ಬಳಿದು, ಹಿಂದೆ ಕಡ್ಡಿ ಅಂಟಿಸಿ, ಕೆಳಗೆ ದಪ್ಪ ಅಕ್ಷರದಲ್ಲಿ ‘ತೊಗಲುಗೊಂಬೆ’ ಎಂದು ಬರೆದಿದ್ದರು. ರಟ್ಟಿನ ಮೂಲಕ ಬೆಳಕು ಹಾಯುವುದಿಲ್ಲ. ಪರದೆಯ ಮೇಲೆ ಬಿದ್ದದ್ದು ಬರೀ ಕರಿ ನೆರಳು. ಆಡಿನ ಹಸಿ ತೊಗಲನ್ನು ಕೂದಲು, ಕೊಬ್ಬು ಹೋಗುವಂತೆ ಹೆರೆದು, ಬಿಗಿಯಾಗಿ ಎಳೆದು ಒಣಗಿಸಿದರೆ ಅದು ಬೆಳಕು ಬಿಡುತ್ತದೆ. ಹಚ್ಚಿದ ಕೆಂಪು ಪರದೆಯಲ್ಲಿ ಕೆಂಪಾಗಿಯೇ ಕಾಣುತ್ತದೆ, ಕೊರೆದ ತೂತುಗಳು ಒಡವೆಯಾಗಿ ಹೊಳೆಯುತ್ತವೆ. ಕಲೆ ಇರುವುದೇ ಆ ತೊಗಲಿನ ಗುಣದಲ್ಲಿ. ಅದನ್ನು ಬಿಟ್ಟು ಮಾಡಿದ ಪಾಠ ತಪ್ಪು ಪಾಠ ಎಂದು ನಾನು ಅವಲೋಕನ ಪುಸ್ತಕದಲ್ಲಿ ಬರೆದೆ. ಕೆಲವು ಸಹೋದ್ಯೋಗಿಗಳಿಗೆ ಅದು ಕಟುವಾಗಿ ಕಂಡಿತು.

ತೊಗಲು ಏಕೆ ತರಲಿಲ್ಲ ಎಂದರೆ, “ಸಿಗಲಿಲ್ಲ ಮೇಡಂ” ಎನ್ನುವ ಉತ್ತರ. ಕಿನ್ನಾಳದ ಮರದ ಗೊಂಬೆ ಇವರಿಗೆ ಸಿಗುತ್ತದೆ, ಆನೆಗೊಂದಿಯ ಬಾಳೆನಾರು ಸಿಗುತ್ತದೆ. ಪ್ರತಿ ಪೇಟೆಯಲ್ಲೂ ಚಪ್ಪಲಿ ಹೊಲಿಯುವವರ ಕಾಲಬುಡದಲ್ಲಿ ಬಿದ್ದಿರುವ ತೊಗಲಿನ ತುಂಡು ಮಾತ್ರ ಸಿಗುವುದಿಲ್ಲ! ಹರಳಯ್ಯನ ಕಥೆ ಹೇಳಿ ಪೀಠಿಕೆ ಮುಗಿಸುವವರನ್ನು ಎಷ್ಟೋ ಸಲ ನೋಡಿದ್ದೇನೆ. ಆ ಪಾದುಕೆಯ ಅಟ್ಟೆಯನ್ನು ಹೇಗೆ ಕೊಯ್ಯುತ್ತಾರೆ ಎಂದು ಮಗುವೊಂದು ಕೇಳಿದರೆ ಉತ್ತರವಿಲ್ಲ.

ಇದು ಪ್ರಶಿಕ್ಷಣಾರ್ಥಿಗಳ ತಪ್ಪು ಮಾತ್ರವಲ್ಲ. 1937ರ ವಾರ್ಧಾ ಸಮ್ಮೇಳನದ ನಂತರ ಜಾಕಿರ್ ಹುಸೇನ್ ಸಮಿತಿ ಮೂಲಶಿಕ್ಷಣದ ಕಸುಬುಗಳನ್ನು ಹೆಸರಿಸಿದಾಗ ನೂಲುವುದು–ನೇಯುವುದು, ಬಡಗಿತನ, ಬೇಸಾಯದ ಜೊತೆ ಚರ್ಮದ ಕೆಲಸವೂ ಇತ್ತು. ಗಾಂಧೀಜಿ ಸ್ವತಃ ದಕ್ಷಿಣ ಆಫ್ರಿಕಾದ ಟಾಲ್‌ಸ್ಟಾಯ್ ಫಾರ್ಮಿನಲ್ಲಿ ಕ್ಯಾಲನ್‌ಬಾಕ್ ಅವರಿಂದ ಚಪ್ಪಲಿ ಮಾಡುವುದನ್ನು ಕಲಿತು ಬೇರೆಯವರಿಗೂ ಕಲಿಸಿದವರು. 2020ರ ರಾಷ್ಟ್ರೀಯ ಶಿಕ್ಷಣ ನೀತಿ 6ರಿಂದ 8ನೇ ತರಗತಿಯ ಮಕ್ಕಳಿಗೆ ಹತ್ತು ದಿನಗಳ ಬ್ಯಾಗ್‌ರಹಿತ ಅವಧಿ ಹೇಳುತ್ತದೆ. ಸ್ಥಳೀಯ ಕಸುಬುದಾರರ ಬಳಿ ಕಲಿಯಬೇಕು ಎನ್ನುತ್ತದೆ. ಅಲ್ಲಿ ಉದಾಹರಣೆಗೆ ಬರುವವರು ಬಡಗಿ, ತೋಟಗಾರ, ಕುಂಬಾರ, ಕಲಾವಿದ. ಚಮ್ಮಾರ ‘ಇತ್ಯಾದಿ’ಯೊಳಗೆ ಸೇರಿಕೊಂಡಿದ್ದಾನೆ ಎಂದು ನಾವೇ ಭಾವಿಸಿಕೊಳ್ಳಬೇಕು.

ಇನ್ನು ನನ್ನ ತಪ್ಪು. ಕೆಲವು ವರ್ಷಗಳ ಹಿಂದೆ ಒಂದು ಶಾಲೆಯಲ್ಲಿ ಪ್ರಶಿಕ್ಷಣಾರ್ಥಿಯೊಬ್ಬಳಿಗೆ ನಾನೇ ಸಲಹೆ ಕೊಟ್ಟಿದ್ದೆ: “ಮಕ್ಕಳ ಮನೆಯ ಅನುಭವದಿಂದ ಪಾಠ ಶುರು ಮಾಡು, ಯಾರ ಮನೆಯಲ್ಲಿ ಈ ಕೆಲಸ ಮಾಡುತ್ತಾರೆ ಎಂದು ಕೇಳು.” ಅವಳು ಕೇಳಿದಳು. ಯಾರೂ ಕೈ ಎತ್ತಲಿಲ್ಲ. ಆದರೆ ಮೂವತ್ತೆಂಟು ಮಕ್ಕಳು ಒಟ್ಟಿಗೆ ತಿರುಗಿ ಮೂರನೇ ಸಾಲಿನ ಒಬ್ಬ ಹುಡುಗನನ್ನು ನೋಡಿದರು. ಅವನು ಪುಸ್ತಕದೊಳಗೆ ಮುಖ ಇಟ್ಟ. ಹಿಂದಿನ ಬೆಂಚಿನಲ್ಲಿ ಕುಳಿತಿದ್ದ ನಾನು ಅದನ್ನು ನೋಡಿಯೂ ಅವಲೋಕನ ಪುಸ್ತಕದಲ್ಲಿ ‘ಪೂರ್ವಜ್ಞಾನದ ಉತ್ತಮ ಬಳಕೆ’ ಎಂದು ಬರೆದೆ. ಮರುದಿನ ಅವನು ಶಾಲೆಗೆ ಬರಲಿಲ್ಲ, ಅದರ ಮರುದಿನವೂ ಇಲ್ಲ. ನಮ್ಮ ಬೋಧನಾಭ್ಯಾಸದ ಅವಧಿ ಅಷ್ಟರಲ್ಲಿ ಮುಗಿದಿತ್ತು. ಅವನು ಯಾವಾಗ ಮರಳಿದ ಎಂದು ನಾನು ವಿಚಾರಿಸಲಿಲ್ಲ.

ಆ ಪ್ರಶ್ನೆಯನ್ನು ಆಮೇಲೆ ನಾನು ಯಾರಿಗೂ ಕೇಳಲು ಬಿಟ್ಟಿಲ್ಲ. ಹಾಗೆಂದು ಪಾಠವನ್ನೇ ಬಿಟ್ಟುಬಿಡುವುದೂ ನನಗೆ ಒಪ್ಪಿಗೆಯಿಲ್ಲ. ಬಿಟ್ಟರೆ ಮೂರನೇ ಸಾಲಿನ ಹುಡುಗನ ಮನೆಯ ಕೆಲಸ ಶಾಲೆಯೊಳಗೆ ಬರಲು ತಕ್ಕದ್ದಲ್ಲ ಎಂದು ನಾವೂ ಒಪ್ಪಿಕೊಂಡ ಹಾಗೆ. ತೊಗಲು ಮತ್ತು ಚಾಕು ಎಲ್ಲ ಮಕ್ಕಳ ಕೈಗೂ ಒಟ್ಟಿಗೆ ಬರಬೇಕು, ಯಾರ ಮನೆಯ ಹೆಸರೂ ಬರಬಾರದು.

ಇದನ್ನು ಮಾಡಿ ನೋಡಿದ್ದು ಹನುಮನಹಳ್ಳಿಯಲ್ಲಿ, ನಮ್ಮ ಪೌರತ್ವ ತರಬೇತಿ ಶಿಬಿರದಲ್ಲಿ. ಮಧ್ಯಾಹ್ನ ಊರಿನ ಹನ್ನೆರಡರಿಂದ ಹದಿನಾಲ್ಕು ವರ್ಷದ ಮಕ್ಕಳು ಬರುತ್ತಿದ್ದರು. ಅಂಜನಾದ್ರಿ ಬೆಟ್ಟದ ಮೆಟ್ಟಿಲ ಬುಡದಲ್ಲಿ ಭಕ್ತರು ಬಿಟ್ಟ ಚಪ್ಪಲಿಗಳ ರಾಶಿಯನ್ನು ದಿನವೂ ನೋಡುವ ಮಕ್ಕಳು. ಆ ದಾರಿಯಲ್ಲಿ ಚಪ್ಪಲಿ ರಿಪೇರಿ ಮಾಡುವ ಹಿರಿಯರೊಬ್ಬರನ್ನು ಎರಡು ದಿನ ಮೊದಲೇ ಹೋಗಿ ಕಂಡು, ಅತಿಥಿ ಉಪನ್ಯಾಸಕರಿಗೆ ಕೊಡುವಷ್ಟೇ ಗೌರವಧನ ಹೇಳಿ ಕರೆದೆವು. ಅವರು ಬಂದವರೇ ನಾವು ತಂದ ಸಾಮಾನು ನೋಡಿ ನಕ್ಕರು.

“ಅಕ್ಕಾರ, ಈ ಚಾಕು ತೊಗಲ ಕೊಯ್ಯಾಂಗಿಲ್ಲ, ಹರೀತೈತಿ. ಮೊದಲ ಇದನ್ನ ಮಸೀರಿ.”

ಮೊದಲ ಅರ್ಧ ತಾಸು ಹೋದದ್ದು ಸಾಣೆ ಕಲ್ಲಿನ ಮೇಲೆ. ಮಸೆದ ಮೇಲೆ ಅಲಗನ್ನು ಹಳೆಯ ಬೆಲ್ಟಿನ ಒರಟು ಬದಿಗೆ ಹಿಮ್ಮುಖವಾಗಿ ಎಳೆದು ನುಣುಪು ಮಾಡಬೇಕು. ಮೊಂಡ ಚಾಕುವೇ ಅಪಾಯ: ಅದಕ್ಕೆ ಬಲ ಹಾಕಬೇಕಾಗುತ್ತದೆ, ಬಲ ಹಾಕಿದ ಕೈ ಜಾರುತ್ತದೆ. ‘ಮಕ್ಕಳ ಕೈಗೆ ಚಾಕು ಕೊಡುವುದೇ?’ ಎಂದು ಕೇಳುವವರಿಗೆ ನನ್ನ ಉತ್ತರ ಇಷ್ಟೇ: ಹರಿತವಾದದ್ದನ್ನು ಕೊಡಿ, ಒಂದು ಸಲಕ್ಕೆ ನಾಲ್ಕೇ ಮಕ್ಕಳಿಗೆ ಕೊಡಿ, ಎಡಗೈ ಯಾವಾಗಲೂ ಅಲಗಿನ ಹಿಂದೆ ಇರಲಿ. ಆರನೇ ತರಗತಿಗಿಂತ ಕೆಳಗಿನವರಿಗೆ ಚಾಕು ಬೇಡ. ನಾವೇ ಕೊಯ್ದು ತೂತು ಹಾಕಿದ ತುಂಡುಗಳನ್ನು ದಾರದಿಂದ ಹೊಲಿಯಲಿ, ಅದೇ ಸಾಕಷ್ಟು ಕೆಲಸ.

ತುಂಡುಗಳಲ್ಲಿ ಎರಡು ಜಾತಿ ಆರಿಸಿಟ್ಟಿದ್ದೆವು (ಜಾತಿ ಎನ್ನುವ ಮಾತು ಇಲ್ಲಿ ತೊಗಲಿಗೆ ಮಾತ್ರ). ಒಂದು ಜಾಲಿ ತೊಗಟೆ, ಅಳಲೆಕಾಯಿಯಂಥ ಗಿಡಮೂಲದಿಂದ ಹದ ಮಾಡಿದ್ದು. ಇನ್ನೊಂದು ಕ್ರೋಮಿಯಂ ಲವಣದಿಂದ ಹದ ಮಾಡಿದ ಮೆತ್ತನೆಯದು. ಎರಡಕ್ಕೂ ನೀರು ಸವರಿ ಉಗುರಿನಿಂದ ಗೀರಲು ಹೇಳಿದೆವು. ಮೊದಲನೆಯದರಲ್ಲಿ ಗೀರು ಉಳಿಯಿತು, ಎರಡನೆಯದರಲ್ಲಿ ಮಾಯವಾಯಿತು. ಚಪ್ಪಲಿಯ ಅಟ್ಟೆಗೆ ಯಾವುದು, ಚೀಲಕ್ಕೆ ಯಾವುದು ಎಂದು ಮಕ್ಕಳೇ ವಾದಕ್ಕಿಳಿದರು. ನಮ್ಮ ಪಾಠಯೋಜನೆಯ ‘ಪರಿಶೋಧನೆ’ ಎಂಬ ಅಂಕಣಕ್ಕೆ ಇಷ್ಟು ಒಳ್ಳೆಯ ಚಟುವಟಿಕೆಯನ್ನು ನಾನು ಬೇರೆಲ್ಲೂ ಕಂಡಿಲ್ಲ. ರೆಕ್ಸಿನ್ ತಂದರೆ ಇದಾವುದೂ ನಡೆಯುವುದಿಲ್ಲ. ಅದು ಎಲ್ಲ ಕಡೆಗೂ ಒಂದೇ ಥರ.

ತೊಗಲು ಹಾಗಲ್ಲ. ಬೆನ್ನಿನ ಭಾಗ ಗಟ್ಟಿ, ಹೊಟ್ಟೆಯ ಭಾಗ ಹಿಗ್ಗುತ್ತದೆ. ಬಾರು ಕೊಯ್ಯುವಾಗ ಬೆನ್ನೆಲುಬಿನ ಉದ್ದಕ್ಕೆ ಕೊಯ್ಯಬೇಕು, ಅಡ್ಡಕ್ಕೆ ಕೊಯ್ದದ್ದು ವಾರದಲ್ಲಿ ಜೋತುಬೀಳುತ್ತದೆ. ಗುರುತು ಒಳಮೈ ಮೇಲೆ ಹಾಕಬೇಕು. ಕೆಳಗೆ ಮರದ ಹಲಗೆ, ಮೇಲೆ ಉಕ್ಕಿನ ಸ್ಕೇಲು. ಒಂದೇ ಏಟಿಗೆ ಕೊಯ್ಯದೆ ಹಗುರವಾಗಿ ಮೂರು ನಾಲ್ಕು ಸಲ ಎಳೆಯಬೇಕು. ತಿರುವು ಬಂದಾಗ ಚಾಕುವನ್ನಲ್ಲ, ತೊಗಲನ್ನು ತಿರುಗಿಸಬೇಕು. ಸೀಳು ಹಾಕುವ ಕಡೆ ಅದರ ತುದಿಗೆ ಮೊದಲು ಒಂದು ದುಂಡು ತೂತು ಹೊಡೆದರೆ ಸೀಳು ಮುಂದೆ ಹರಿಯುವುದಿಲ್ಲ. ಗೊಂಬೆಯಂಥದ್ದಾದರೆ ಒಳಗಿನ ತೂತುಗಳು ಮೊದಲು, ಹೊರಗೆರೆ ಕೊನೆಗೆ. ಹೊರಗೆರೆ ಮೊದಲು ಕೊಯ್ದರೆ ಹಿಡಿದುಕೊಳ್ಳಲು ಅಂಚೇ ಉಳಿಯುವುದಿಲ್ಲ. ನಾನು ಹಿಂದಿನ ರಾತ್ರಿ ಒಬ್ಬಳೇ ಕುಳಿತು ಮೂರು ತುಂಡು ಕೆಡಿಸಿ ಇದನ್ನು ಕಲಿತೆ. ಪ್ರಶಿಕ್ಷಣಾರ್ಥಿಯೂ ತರಗತಿಗೆ ಹೋಗುವ ಮೊದಲು ಕನಿಷ್ಠ ಮೂರು ತುಂಡು ಕೆಡಿಸಿರಬೇಕು.

ಒಬ್ಬ ಹುಡುಗಿ ಕೈ ಹಿಂದಕ್ಕೆಳೆದುಕೊಂಡಳು. “ಮುಟ್ಟಿದ್ರ ಮನ್ಯಾಗ ಬೈತಾರ್ರೀ.” ನಮ್ಮ ಪ್ರಶಿಕ್ಷಣಾರ್ಥಿ ಉಪದೇಶಕ್ಕಿಳಿಯಲಿಲ್ಲ. “ಭಜನಿ ಮನ್ಯಾಗ ತಬಲಾ ಮುಟ್ಟಿಲ್ಲೇನ? ಕಾಮಣ್ಣನ ಮುಂದ ಹಲಗಿ?” ಎಂದು ಕೇಳಿದ. ಅವಳು ಸ್ವಲ್ಪ ಹೊತ್ತು ನಿಂತು ನೋಡಿ, ಬಂದು ಕುಳಿತಳು. ಮನೆಯಲ್ಲಿ ಏನಾಯಿತೋ ತಿಳಿಯದು. ಮರುದಿನವೂ ಬಂದಳು, ಕೊಯ್ದ ಬೀಗದ ಕೈ ಗೊಂಚಲಿನ ಪಟ್ಟಿಗೆ ದಾರ ಹಾಕಿಸಿಕೊಂಡು ಹೋದಳು. ಆ ಹಿರಿಯರಿಗೆ ನಾವು ಮೇಜಿನ ಪಕ್ಕ ಕುರ್ಚಿ ಹಾಕಿದ್ದೆವು. ಅವರು ಅದರಲ್ಲಿ ಕುಳಿತದ್ದು ಚಹಾ ಕುಡಿಯುವಾಗ ಮಾತ್ರ. ಕೆಲಸಕ್ಕೆ ನೆಲವೇ ಬೇಕು ಎಂದರು. ಅಟ್ಟೆಯನ್ನು ಕಾಲಿನಿಂದ ಒತ್ತಿ ಹಿಡಿಯಬೇಕಲ್ಲ. ಕೊನೆಗೆ ಮಕ್ಕಳೂ ನಾವೂ ನೆಲದಲ್ಲೇ ಕುಳಿತೆವು.

ನಮ್ಮ ಅವಲೋಕನ ನಮೂನೆಯಲ್ಲಿ ಪೀಠಿಕೆಗೆ, ಪ್ರಶ್ನೆಗಾರಿಕೆಗೆ, ಕಪ್ಪುಹಲಗೆ ಕಾರ್ಯಕ್ಕೆ ಅಂಕಗಳಿವೆ. ಕಾರ್ಯಾನುಭವದ ಪಾಠಕ್ಕೂ ಅದೇ ನಮೂನೆ. ಮಗು ಕೊಯ್ದ ಅಂಚು ನೇರವಾಗಿದೆಯೇ, ಶಿಕ್ಷಕ ತಾನೇ ಕೊಯ್ದು ತೋರಿಸಿದನೇ ಎಂದು ಕೇಳುವ ಸಾಲು ಇಲ್ಲ. ಬರುವ ಸೆಮಿಸ್ಟರ್‌ಗೆ ಈ ಎರಡು ಸಾಲು ಸೇರಿಸೋಣ ಎಂದು ಬೋಧನಾಭ್ಯಾಸ ಸಮಿತಿಯ ಮುಂದಿಟ್ಟಿದ್ದೇನೆ. ಜೊತೆಗೆ ಎಂಟು ಚಾಕು, ನಾಲ್ಕು ಉಕ್ಕಿನ ಸ್ಕೇಲು, ಎರಡು ಸಾಣೆ ಕಲ್ಲು ಮತ್ತು ಕಸುಬುದಾರರ ಗೌರವಧನಕ್ಕೂ ಕೇಳಿದ್ದೇನೆ. ತೊಗಲಿನ ತುಂಡುಗಳಿಗೆ ಹಣ ಬೇಡ. ಅವನ್ನು ಹನುಮನಹಳ್ಳಿಯ ಆ ಹಿರಿಯರು ಒಂದು ಚೀಲದ ತುಂಬ ಕೂಡಿಟ್ಟು ಕಾಯುತ್ತಿದ್ದಾರೆ.