ಹಿಂಜರಿತದ ಕಾಲದಲ್ಲಿ ಪೀಣ್ಯಕ್ಕೆ ಮೊದಲು ಬೇಕಾದದ್ದು ಬಾಕಿ ಹಣ

ಚಿಕ್ಕಬಾಣಾವರದಲ್ಲಿ ಸಂಜೆ ಹೊತ್ತು ನಡೆಯುವ ವ್ಯಾಪಾರಕ್ಕೆ ಕಾರಣ ಹುಡುಕಿದರೆ ಅದು ಬಹುಪಾಲು ಸಿಗುವುದು ಊರೊಳಗಲ್ಲ, ದಕ್ಷಿಣಕ್ಕೆ ಕೆಲವೇ ಕಿಲೋಮೀಟರ್ ದೂರದ ಪೀಣ್ಯದಲ್ಲಿ. ದಿನಸಿ ಅಂಗಡಿ, ಮೆಸ್, ಒಂದು ಕೋಣೆಯ ಬಾಡಿಗೆ ಮನೆ, ಚೀಟಿ ವ್ಯವಹಾರ ಇವೆಲ್ಲ ಪೀಣ್ಯದ ಶೆಡ್ಡುಗಳಲ್ಲಿ ದುಡಿಯುವವರ ಸಂಬಳವನ್ನು ನಂಬಿಕೊಂಡಿವೆ. ಆ ಶೆಡ್ಡುಗಳು ಹುಟ್ಟಿದ ಬಗೆಯೂ ಗೊತ್ತಿರಬೇಕು. ಜಾಲಹಳ್ಳಿಯಲ್ಲಿ 1953ರಲ್ಲಿ ಎಚ್‌ಎಂಟಿ, ಮರುವರ್ಷ ಬಿಇಎಲ್ ಬಂದವು. ಲೇತ್, ಮಿಲ್ಲಿಂಗ್, ಗ್ರೈಂಡಿಂಗ್ ಕೆಲಸ ಕಲಿತ ಒಂದು ಪೀಳಿಗೆಯೇ ಅಲ್ಲಿ ತಯಾರಾಯಿತು. 1970ರ ದಶಕದಲ್ಲಿ ಪೀಣ್ಯ ಕೈಗಾರಿಕಾ ಪ್ರದೇಶ ಬೆಳೆಯತೊಡಗಿದಾಗ ಆ ಕಸುಬು ಸಣ್ಣ ಸಣ್ಣ ಕಾರ್ಖಾನೆಗಳ ರೂಪ ತಳೆಯಿತು. ಇಂದು ಅಲ್ಲಿರುವ ಸಾವಿರಾರು ಘಟಕಗಳಲ್ಲಿ ಹೆಚ್ಚಿನವು ದೊಡ್ಡ ಕಂಪನಿಗಳಿಗೆ ಬಿಡಿಭಾಗ ಮಾಡಿಕೊಡುವ, ಅಥವಾ ಅವರು ಕಳಿಸಿದ ಕಬ್ಬಿಣವನ್ನು ಕೊರೆದು, ತಿರುವಿ, ಲೇಪ ಹಾಕಿ ಹಿಂದಿರುಗಿಸುವ ‘ಜಾಬ್ ವರ್ಕ್’ ಘಟಕಗಳು.

ಜಗತ್ತಿನ ಯಾವುದೋ ಮೂಲೆಯ ಆರ್ಥಿಕ ಹಿಂಜರಿತ ಇಲ್ಲಿಗೆ ಬಂದು ಮುಟ್ಟುವುದು ಈ ಸರಪಳಿಯ ಮೂಲಕ. ಬರುವಾಗ ಅದು ಚಿಕ್ಕದಾಗುವುದಿಲ್ಲ, ದೊಡ್ಡದಾಗುತ್ತದೆ. ಯಾಕೆಂದು ಒಂದು ಸರಳ ಲೆಕ್ಕದಲ್ಲಿ ನೋಡೋಣ. ತಿಂಗಳಿಗೆ 100 ಪಂಪು ಮಾರುವ ಕಂಪನಿಯೊಂದು ಎರಡು ತಿಂಗಳ ಮಾರಾಟಕ್ಕೆ ಸಾಲುವಷ್ಟು, ಅಂದರೆ 200 ಪಂಪುಗಳನ್ನು ಗೋದಾಮಿನಲ್ಲಿ ಇಟ್ಟುಕೊಂಡಿರುತ್ತದೆ ಎನ್ನೋಣ. ಮಾರಾಟ 90ಕ್ಕೆ ಇಳಿಯಿತು. ಈಗ ಅದಕ್ಕೆ ಬೇಕಾದ ದಾಸ್ತಾನು 180 ಮಾತ್ರ. ಹೆಚ್ಚಾದ 20 ಪಂಪುಗಳನ್ನು ಗೋದಾಮಿನಿಂದಲೇ ಮಾರಿ, ಆ ತಿಂಗಳು ಕಂಪನಿ ಹೊಸದಾಗಿ ತಯಾರಿಸುವುದು ಬರೀ 70. ಮಾರಾಟ ಇಳಿದದ್ದು ಶೇ 10, ಬಿಡಿಭಾಗ ಮಾಡುವವನ ಆರ್ಡರ್ ಇಳಿದದ್ದು ಶೇ 30. ಆ ಬಿಡಿಭಾಗದವನೂ ತನ್ನ ದಾಸ್ತಾನು ಕರಗಿಸಲು ಹೊರಟರೆ, ಅವನಿಗೆ ಜಾಬ್ ವರ್ಕ್ ಮಾಡಿಕೊಡುವವನ ಲೇತ್ ನಿಂತೇ ಹೋಗಬಹುದು.

2008ರ ಸೆಪ್ಟೆಂಬರ್‌ನಲ್ಲಿ ಅಮೆರಿಕದ ಲೀಮನ್ ಬ್ರದರ್ಸ್ ಸಂಸ್ಥೆ ದಿವಾಳಿಯಾದ ಮೇಲೆ ನಡೆದದ್ದು ಇದೇ. ಆ ವರ್ಷದ ಅಕ್ಟೋಬರ್‌ನಿಂದ ಒಂದು ವರ್ಷಕ್ಕೂ ಹೆಚ್ಚು ಕಾಲ ಭಾರತದ ರಫ್ತು ಪ್ರತಿ ತಿಂಗಳೂ ಹಿಂದಿನ ವರ್ಷದ ಅದೇ ತಿಂಗಳಿಗಿಂತ ಕಡಿಮೆಯಿತ್ತು. 2025ರ ಆಗಸ್ಟ್ 27ರಿಂದ ಅಮೆರಿಕ ಭಾರತದ ಹಲವು ಸರಕುಗಳ ಮೇಲೆ ಶೇ 50ರ ಸುಂಕ ಹಾಕಿದಾಗ ಸಿದ್ಧ ಉಡುಪು ಮತ್ತು ಎಂಜಿನಿಯರಿಂಗ್ ಘಟಕಗಳಲ್ಲಿ ಮತ್ತೆ ಅದೇ ಆತಂಕ ಹುಟ್ಟಿತು. ಹೊಡೆತದ ಮೂಲ ಬೇರೆ ಬೇರೆ, ಅದು ಸಾಗಿ ಬರುವ ದಾರಿ ಒಂದೇ.

ಆರ್ಡರ್ ಕಡಿಮೆಯಾಗುವುದು ಮೊದಲ ಹೊಡೆತ. ಎರಡನೆಯದು ಹೊರಗಿನವರ ಕಣ್ಣಿಗೆ ಅಷ್ಟಾಗಿ ಬೀಳುವುದಿಲ್ಲ, ಘಟಕಗಳನ್ನು ಮುಚ್ಚಿಸುವುದು ಹೆಚ್ಚಾಗಿ ಅದೇ. ಕಷ್ಟಕಾಲದಲ್ಲಿ ದೊಡ್ಡ ಕಂಪನಿ ತನ್ನ ಹಣವನ್ನು ಬಿಗಿಹಿಡಿಯುತ್ತದೆ. ಅದಕ್ಕಿರುವ ಅತ್ಯಂತ ಸುಲಭದ ದಾರಿ ಸಣ್ಣವರ ಬಿಲ್ಲನ್ನು ಮುಂದೂಡುವುದು. 60 ದಿನಕ್ಕೆ ಬರುತ್ತಿದ್ದ ಹಣ 120 ದಿನಕ್ಕೆ ಹೋಗುತ್ತದೆ. ಇತ್ತ ಶೆಡ್ಡಿನ ಮಾಲೀಕ ತಿಂಗಳ ಮೊದಲ ವಾರ ಸಂಬಳ ಕೊಡಲೇಬೇಕು. ಬಾಡಿಗೆ, ಯಂತ್ರದ ಇಎಂಐ, ಪಿಎಫ್, ಇಎಸ್‌ಐ ಕಟ್ಟಲೇಬೇಕು. ಜಿಎಸ್‌ಟಿಯನ್ನಂತೂ ಹಣ ಬಂದ ಮೇಲಲ್ಲ, ಬಿಲ್ಲು ಬರೆದ ಲೆಕ್ಕದಲ್ಲಿ ಮುಂದಿನ ತಿಂಗಳೇ ತುಂಬಬೇಕು. ಅಂದರೆ ಗಿರಾಕಿಯಿಂದ ಇನ್ನೂ ಬಾರದ ತೆರಿಗೆಯನ್ನು ಅವನು ಕೈಯಿಂದ ಹಾಕಿರುತ್ತಾನೆ. ಮಾಲು ಕಳಿಸಿ ಹಣ ಬರುವವರೆಗಿನ ಈ ಅಂತರವನ್ನು ತುಂಬುವ ಹಣಕ್ಕೆ ದುಡಿಯುವ ಬಂಡವಾಳ ಎನ್ನುತ್ತಾರೆ. ಬ್ಯಾಂಕು ಕೊಡುವ ‘ಸಿಸಿ ಲಿಮಿಟ್’ ಇದಕ್ಕಾಗಿಯೇ ಇರುವ ಸಾಲದ ಮಿತಿ. ಅಂತರ ಎರಡು ಪಟ್ಟಾದರೆ ಮಿತಿ ತುಂಬಿಹೋಗುತ್ತದೆ. ಆಮೇಲೆ ಕೈಸಾಲ, ಅದರ ಬಡ್ಡಿ. ಕೈಯಲ್ಲಿ ಆರ್ಡರ್ ಇದ್ದೂ, ಲೆಕ್ಕಪುಸ್ತಕದಲ್ಲಿ ಲಾಭವಿದ್ದೂ ಘಟಕವೊಂದು ಮುಚ್ಚುವುದು ಹೀಗೆ.

ಈ ಎರಡು ಹೊಡೆತಗಳನ್ನು ಬೇರೆ ಬೇರೆಯಾಗಿ ನೋಡಿದರೆ, ಹಿಂಜರಿತ ಬಂದಾಗಲೆಲ್ಲ ಕೇಳಿಬರುವ ಪರಿಹಾರಗಳಲ್ಲಿ ಯಾವುದು ಎಲ್ಲಿಗೆ ಮುಟ್ಟುತ್ತದೆ ಎಂದು ಅಳೆಯಬಹುದು.

2008–09ರಲ್ಲಿ ರಿಸರ್ವ್ ಬ್ಯಾಂಕ್ ತನ್ನ ರೆಪೊ ದರವನ್ನು, ಅಂದರೆ ಬ್ಯಾಂಕುಗಳಿಗೆ ತಾನು ಕೊಡುವ ಅಲ್ಪಾವಧಿ ಸಾಲದ ಬಡ್ಡಿಯನ್ನು, ಶೇ 9ರಿಂದ ಆರೇಳು ತಿಂಗಳಲ್ಲಿ ಶೇ 4.75ಕ್ಕೆ ಇಳಿಸಿತು. ಕೇಂದ್ರ ಸರ್ಕಾರ ಡಿಸೆಂಬರ್‌ನಲ್ಲಿ ಅಬಕಾರಿ ಸುಂಕವನ್ನು ಶೇಕಡಾ 4 ಅಂಶಗಳಷ್ಟು ತಗ್ಗಿಸಿತು. ಎರಡೂ ಸರಿಯಾದ ಕ್ರಮಗಳೇ. ಆದರೆ ತೆರಿಗೆ ಇಳಿದರೆ ಲಾಭವಾಗುವುದು ಮಾರಾಟ ಇದ್ದವರಿಗೆ. ಬಡ್ಡಿ ಇಳಿದರೆ ಲಾಭವಾಗುವುದು ಸಾಲ ಸಿಗುವವರಿಗೆ. ಬಾಡಿಗೆ ಶೆಡ್ಡಿನಲ್ಲಿರುವವನಿಗೆ ಅಡವಿಡಲು ಆಸ್ತಿಯಿಲ್ಲ. ಕೆಟ್ಟ ಕಾಲದಲ್ಲಿ ಬ್ಯಾಂಕು ಅಂಥವನಿಗೆ ಕಡಿಮೆ ಬಡ್ಡಿಗೂ ಸಾಲ ಕೊಡಲು ಹಿಂದೇಟು ಹಾಕುತ್ತದೆ. ಇದನ್ನರಿತೇ ಅಂದಿನ ಪ್ಯಾಕೇಜಿನಲ್ಲಿ ಅಡಮಾನವಿಲ್ಲದ ಸಾಲಕ್ಕೆ ಕೊಡುವ ಸರ್ಕಾರಿ ಖಾತರಿಯ ಮಿತಿಯನ್ನು 50 ಲಕ್ಷದಿಂದ 1 ಕೋಟಿ ರೂಪಾಯಿಗೆ ಏರಿಸಲಾಯಿತು. 2020ರ ಮೇ ತಿಂಗಳಲ್ಲಿ ಇದೇ ಉಪಾಯ ಇನ್ನೂ ದೊಡ್ಡದಾಗಿ ಬಂತು: ಹಳೆಯ ಸಾಲದ ಶೇ 20ರಷ್ಟು ಹೆಚ್ಚುವರಿ ಸಾಲ, ಅದಕ್ಕೆ ಪೂರ್ತಿ ಸರ್ಕಾರದ ಖಾತರಿ, ಒಟ್ಟು 3 ಲಕ್ಷ ಕೋಟಿ ರೂಪಾಯಿ. ಎಷ್ಟೋ ಘಟಕಗಳಿಗೆ ಅದು ಉಸಿರು ಕೊಟ್ಟಿತು. ಆದರೆ ಲೆಕ್ಕವನ್ನೊಮ್ಮೆ ಗಮನಿಸಿ. ಹೆಚ್ಚುವರಿ ಸಾಲ ಹಳೆಯ ಸಾಲದ ಪಾಲಾಗಿ ಸಿಗುವುದರಿಂದ, ಬ್ಯಾಂಕಿನಿಂದ ಸಾಲವನ್ನೇ ಪಡೆಯದಿದ್ದ ತೀರಾ ಚಿಕ್ಕವನಿಗೆ ಅದು ಸೊನ್ನೆ.

ಇವೆಲ್ಲ ದೆಹಲಿ ಮತ್ತು ಮುಂಬೈಯಲ್ಲಿ ಆಗುವ ತೀರ್ಮಾನಗಳು. ಬೆಂಗಳೂರಿನ ಕೈಯಲ್ಲಿ ಏನಿದೆ? ರಾಜ್ಯ ಸರ್ಕಾರ ನೋಟು ಮುದ್ರಿಸಲಾರದು, ಬಡ್ಡಿ ದರ ನಿಗದಿ ಮಾಡಲಾರದು, ಆಮದು ಸುಂಕ ಹಾಕಲಾರದು. ಮನಸ್ಸಿಗೆ ಬಂದಷ್ಟು ಸಾಲ ಎತ್ತುವುದಕ್ಕೂ ಕಟ್ಟುಪಾಡಿದೆ. ಆ ಕಟ್ಟುಪಾಡಿನ ವಿತ್ತೀಯ ಹೊಣೆಗಾರಿಕೆ ಕಾಯ್ದೆಯನ್ನು ರಾಜ್ಯಗಳ ಪೈಕಿ ಮೊದಲು ಮಾಡಿಕೊಂಡದ್ದೇ ಕರ್ನಾಟಕ, 2002ರಲ್ಲಿ.

1930ರ ದಶಕದ ಮೈಸೂರು ಸಂಸ್ಥಾನದ ಸ್ಥಿತಿಯೂ ಹೆಚ್ಚುಕಡಿಮೆ ಹೀಗೇ ಇತ್ತು. ನಾಣ್ಯ, ಸುಂಕ ಎರಡೂ ಬ್ರಿಟಿಷ್ ಸರ್ಕಾರದ ಕೈಯಲ್ಲಿದ್ದವು. 1929ರ ಮಹಾ ಕುಸಿತದಲ್ಲಿ ದೇಶದುದ್ದಕ್ಕೂ ಬೆಳೆಗಳ ಬೆಲೆ ಸುಮಾರು ಅರ್ಧಕ್ಕೆ ಬಿದ್ದಿತ್ತು. ಚೀನಾ, ಜಪಾನಿನ ಅಗ್ಗದ ರೇಷ್ಮೆ ನಮ್ಮ ರೇಷ್ಮೆ ರೈತರನ್ನು ಕಂಗೆಡಿಸಿತ್ತು. ಮಿರ್ಜಾ ಇಸ್ಮಾಯಿಲ್ ದಿವಾನರಾಗಿದ್ದ ಆ ಕಾಲದಲ್ಲಿ ಸಂಸ್ಥಾನ ತನ್ನ ಕೈಯಲ್ಲಿದ್ದುದನ್ನು ಹಿಡಿದು ಕೆಲಸ ಮಾಡಿತು. ಕೃಷ್ಣರಾಜಸಾಗರದ ನೀರು ಇರ್ವಿನ್ ನಾಲೆಯಲ್ಲಿ ಮಂಡ್ಯಕ್ಕೆ ಹರಿಯಿತು. ಬ್ರಿಟಿಷ್ ಸರ್ಕಾರ 1932ರಲ್ಲಿ ಸಕ್ಕರೆ ಉದ್ಯಮಕ್ಕೆ ಸುಂಕದ ರಕ್ಷಣೆ ಕೊಟ್ಟ ಅವಕಾಶವನ್ನು ಬಳಸಿಕೊಂಡು ಮರುವರ್ಷವೇ ಮೈಸೂರು ಸಕ್ಕರೆ ಕಂಪನಿಯನ್ನು ಸ್ಥಾಪಿಸಲಾಯಿತು. ಅದರ ಹಿಂದೆ ಕೃಷಿ ಇಲಾಖೆಯ ನಿರ್ದೇಶಕ, ಕೆನಡಾದ ವಿಜ್ಞಾನಿ ಲೆಸ್ಲಿ ಕೋಲ್ಮನ್ ಅವರ ಶ್ರಮವಿತ್ತು. ಆ ಕಾರ್ಖಾನೆಯಿಂದ ರೈತನಿಗೆ ಸಿಕ್ಕಿದ್ದು ಬರೀ ನೆರವಲ್ಲ, ಖಚಿತವಾಗಿ ಕೊಳ್ಳುವ ಒಬ್ಬ ಗಿರಾಕಿ. ಬೆಲೆ ನೆಲಕಚ್ಚಿದ ಕಾಲದಲ್ಲಿ ಒಂದು ಪ್ರದೇಶವನ್ನು ಮೇಲೆತ್ತಲು ಅದಕ್ಕಿಂತ ಗಟ್ಟಿಯಾದ ಉಪಾಯ ಹೆಚ್ಚಿಲ್ಲ. ಮುಂದಿನ ದಶಕಗಳಲ್ಲಿ ಅದೇ ಕಾರ್ಖಾನೆ ನಷ್ಟಕ್ಕೆ ಸಿಲುಕಿ, ಕಬ್ಬಿನ ಬಾಕಿಗಾಗಿ ಮಂಡ್ಯದ ರೈತರು ಬೀದಿಗಿಳಿದದ್ದನ್ನೂ ಕಂಡಿದ್ದೇವೆ. ಕೊಳ್ಳುವವನು ಇದ್ದರಷ್ಟೇ ಸಾಲದು, ಅವನು ಹೊತ್ತಿಗೆ ಸರಿಯಾಗಿ ಹಣ ಕೊಡಬೇಕು ಎಂಬುದಕ್ಕೆ ಬೇರೆ ಸಾಕ್ಷಿ ಬೇಡ.

ಸರ್ಕಾರವೇ ಗಿರಾಕಿಯಾಗುವ ಇನ್ನೊಂದು ದಾರಿ ಸಾರ್ವಜನಿಕ ಕಾಮಗಾರಿ. ರಸ್ತೆ, ರೈಲು ಕಟ್ಟಿದರೆ ಸಿಮೆಂಟು, ಉಕ್ಕು, ಕೂಲಿಗೆ ಬೇಡಿಕೆ ಬರುತ್ತದೆ. ಆ ಕೂಲಿ ಅಂಗಡಿ, ಹೋಟೆಲುಗಳಲ್ಲಿ ಖರ್ಚಾಗಿ ಮತ್ತೊಬ್ಬರ ಆದಾಯವಾಗುತ್ತದೆ. ತತ್ವ ಸರಿ, ಆದರೆ ಕಾಲ ಕೂಡಿಬರಬೇಕು. ಬೈಯಪ್ಪನಹಳ್ಳಿ ಕಡೆಯಿಂದ ಚಿಕ್ಕಬಾಣಾವರಕ್ಕೆ ಬರುವ ಸುಮಾರು 25 ಕಿಲೋಮೀಟರ್ ಉದ್ದದ ಉಪನಗರ ರೈಲು ‘ಮಲ್ಲಿಗೆ’ ಮಾರ್ಗವನ್ನೇ ನೋಡಿ. ಇಡೀ ಯೋಜನೆಗೆ ಕೇಂದ್ರ ಸಂಪುಟದ ಒಪ್ಪಿಗೆ ಸಿಕ್ಕಿದ್ದು ಕೋವಿಡ್ ವರ್ಷವಾದ 2020ರಲ್ಲಿ. ಶಂಕುಸ್ಥಾಪನೆ 2022ರ ಜೂನ್‌ನಲ್ಲಿ. ಆಗ ಕೇಳಿಬಂದ 40 ತಿಂಗಳ ಗಡುವು 2025ರಲ್ಲಿ ಮುಗಿದಾಗ ರೈಲು ಓಡುತ್ತಿರಲಿಲ್ಲ. ಈ ರೈಲು ನಮ್ಮ ಊರಿಗೆ ಖಂಡಿತ ಬೇಕು, ಬೇಗ ಬೇಕು. ಆದರೆ ದೊಡ್ಡ ಯೋಜನೆಯ ಹಣ ಜನರ ಕೈಗೆ ಬರುವ ಹೊತ್ತಿಗೆ ಹಿಂಜರಿತವೇ ಮುಗಿದಿರುತ್ತದೆ. ತುರ್ತಿಗೆ ಒದಗುವುದು ಚರಂಡಿ, ಶಾಲೆ ದುರಸ್ತಿ, ಕೈಗಾರಿಕಾ ಪ್ರದೇಶದ ಗುಂಡಿಬಿದ್ದ ಒಳರಸ್ತೆಯಂಥ ಚಿಕ್ಕ ಕೆಲಸಗಳು. ಇವಕ್ಕೆ ಜಾಗ ವಶಪಡಿಸಿಕೊಳ್ಳುವ ತಾಪತ್ರಯವಿಲ್ಲ.

ರಾಜ್ಯದ ಕೈಯಲ್ಲಿ ವಿದ್ಯುತ್ತೂ ಇದೆ. ಕೈಗಾರಿಕೆಯ ಕರೆಂಟ್ ಬಿಲ್ಲಿನಲ್ಲಿ ಎರಡು ಭಾಗ: ಬಳಸಿದ ಯೂನಿಟ್ಟಿಗೆ ಒಂದು, ಮಂಜೂರಾದ ಲೋಡಿಗೆ ಇನ್ನೊಂದು. ಎರಡನೆಯದೇ ನಿಗದಿತ ಶುಲ್ಕ. ಯಂತ್ರ ತಿರುಗಲಿ, ಬಿಡಲಿ, ಕಟ್ಟಬೇಕು. ಕೆಲಸವಿಲ್ಲದ ತಿಂಗಳಲ್ಲಿ ಹೆಚ್ಚು ನೋಯಿಸುವುದು ಅದೇ. 2020ರ ಮೇನಲ್ಲಿ ಯಡಿಯೂರಪ್ಪ ಸರ್ಕಾರ 1,610 ಕೋಟಿ ರೂಪಾಯಿಯ ಪರಿಹಾರ ಘೋಷಿಸಿದಾಗ ಸಣ್ಣ ಕೈಗಾರಿಕೆಗಳಿಗೆ ಎರಡು ತಿಂಗಳ ನಿಗದಿತ ಶುಲ್ಕವನ್ನು ಮನ್ನಾ ಮಾಡಿತು. ಅರ್ಜಿ, ಅಡಮಾನ, ಬ್ಯಾಂಕ್ ಮ್ಯಾನೇಜರರ ಒಪ್ಪಿಗೆ ಯಾವುದೂ ಬೇಕಾಗದೆ ನೇರವಾಗಿ ಬಿಲ್ಲಿನಲ್ಲೇ ಮುಟ್ಟುವ ಇಂಥ ನೆರವು ಹಿಂಜರಿತದ ಮೊದಲ ತಿಂಗಳಲ್ಲೇ ತಾನಾಗಿ ಜಾರಿಗೆ ಬರುವಂತಿರಬೇಕು.

ಕಾರ್ಮಿಕರ ಮಾತು ಬೇರೆಯೇ. ಕೋವಿಡ್ ಲಾಕ್‌ಡೌನ್‌ನಲ್ಲಿ ಸಿಲುಕಿದ್ದ ವಲಸೆ ಕಾರ್ಮಿಕರನ್ನು ಹೊತ್ತು 2020ರ ಮೇ 3ರಂದು ಒಡಿಶಾಕ್ಕೆ ಹೊರಟ ಶ್ರಮಿಕ ವಿಶೇಷ ರೈಲು ಬಿಟ್ಟದ್ದು ಚಿಕ್ಕಬಾಣಾವರ ನಿಲ್ದಾಣದಿಂದ. ಎರಡು ದಿನಗಳ ಬಳಿಕ, ಕಟ್ಟಡ ನಿರ್ಮಾಣಗಾರರ ಜೊತೆ ಮಾತುಕತೆ ನಡೆದ ಮೇಲೆ, ರಾಜ್ಯ ಸರ್ಕಾರ ರೈಲುಗಳು ಬೇಡವೆಂದು ರೈಲ್ವೆಗೆ ಬರೆಯಿತು. ಟೀಕೆ ಬಂದಾಗ ಮತ್ತೆ ಶುರು ಮಾಡಿತು. ಊರಿಗೆ ಹೊರಟ ಮನುಷ್ಯರನ್ನು ತಡೆದು ಆರ್ಥಿಕತೆ ಉಳಿಸಲು ಹೊರಟದ್ದು ತಪ್ಪು. ಅವರು ಇಲ್ಲೇ ಉಳಿಯಲು ಕಾರಣ ಕೊಡಬೇಕಿತ್ತು. ಜರ್ಮನಿಯಲ್ಲಿ ಕುರ್ಟ್ಸ್‌ಆರ್ಬೈಟ್ ಎಂಬ ಪದ್ಧತಿಯಿದೆ. ಕೆಲಸ ಕಡಿಮೆಯಾದಾಗ ಕಾರ್ಖಾನೆ ಯಾರನ್ನೂ ತೆಗೆಯದೆ ಎಲ್ಲರ ಗಂಟೆಗಳನ್ನು ಇಳಿಸುತ್ತದೆ. ಹಾಗೆ ಕಳೆದುಹೋದ ಸಂಬಳದಲ್ಲಿ ಶೇ 60ರಷ್ಟನ್ನು, ಮಕ್ಕಳಿದ್ದರೆ ಶೇ 67ರಷ್ಟನ್ನು ಸರ್ಕಾರಿ ವಿಮೆ ತುಂಬಿಕೊಡುತ್ತದೆ. 2009ರಲ್ಲಿ ಅದರಡಿ ಇದ್ದ ಕಾರ್ಮಿಕರು ಒಂದು ಹಂತದಲ್ಲಿ ಸುಮಾರು 15 ಲಕ್ಷ. ಬೇಡಿಕೆ ಮರಳಿದಾಗ ಕಲಿತ ಕೈಗಳು ಅಲ್ಲೇ ಇದ್ದವು. ನಮ್ಮಲ್ಲಿ ಇಎಸ್‌ಐ ಅಡಿ ಅಟಲ್ ಬೀಮಿತ್ ವ್ಯಕ್ತಿ ಕಲ್ಯಾಣ ಯೋಜನೆ ಇದೆ. 90 ದಿನಗಳವರೆಗೆ ಅರ್ಧ ಸಂಬಳ ಕೊಡುತ್ತದೆ, ಆದರೆ ಕೆಲಸ ಹೋದ ಮೇಲೆ. ಕೆಲಸ ಹೋಗದಂತೆ ತಡೆಯುವ ಯೋಜನೆ ನಮಗಿಲ್ಲ. ಪಿಎಫ್, ಇಎಸ್‌ಐ ದಾಖಲೆ ಸರಿಯಿರುವ ಘಟಕಗಳಲ್ಲಾದರೂ ಪೀಣ್ಯದಲ್ಲಿ ಜರ್ಮನಿಯ ಪದ್ಧತಿಯನ್ನು ಪ್ರಯೋಗಿಸಿ ನೋಡಬಹುದು.

ಇನ್ನು ಬಾಕಿ ಬಿಲ್ಲು. ಕಾನೂನು ಇಲ್ಲವೆಂದಲ್ಲ. 2006ರ ಎಂಎಸ್‌ಎಂಇ ಕಾಯ್ದೆಯ ಪ್ರಕಾರ ಸಣ್ಣ ಘಟಕದ ಹಣವನ್ನು ಹೆಚ್ಚೆಂದರೆ 45 ದಿನಗಳಲ್ಲಿ ಕೊಡಬೇಕು. ತಪ್ಪಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. ಆದರೆ ದೂರು ಕೊಟ್ಟವನಿಗೆ ಬಡ್ಡಿ ಸಿಗುವ ಮೊದಲೇ ಮುಂದಿನ ಆರ್ಡರ್ ತಪ್ಪುತ್ತದೆ. ಹಾಗಾಗಿ ಬಹಳ ಮಂದಿ ದೂರುವುದೇ ಇಲ್ಲ. 2024ರ ಏಪ್ರಿಲ್‌ನಿಂದ ಆದಾಯ ತೆರಿಗೆಯಲ್ಲಿ ಒಂದು ಬಿಗಿ ಬಂತು: ಗಡುವು ಮೀರಿ, ವರ್ಷದ ಕೊನೆಗೂ ಕೊಡದೆ ಉಳಿಸಿಕೊಂಡ ಮೊತ್ತವನ್ನು ಕಂಪನಿ ಆ ವರ್ಷದ ಖರ್ಚೆಂದು ತೋರಿಸುವಂತಿಲ್ಲ. ಸಣ್ಣವನು ಬಾಯಿಬಿಡದೆಯೇ ದೊಡ್ಡವನಿಗೆ ಬಿಸಿ ತಟ್ಟುವುದು ಇದರ ಗುಣ. ‘ಟ್ರೆಡ್ಸ್’ ಎಂಬ ಆನ್‌ಲೈನ್ ವ್ಯವಸ್ಥೆಯೂ ಇದೆ. ಖರೀದಿದಾರ ಒಪ್ಪಿದ ಬಿಲ್ಲಿಗೆ ಬ್ಯಾಂಕುಗಳು ಅಲ್ಲಿ ಪೈಪೋಟಿಯಲ್ಲಿ ದರ ಹೇಳಿ, ಬಡ್ಡಿ ಮುರಿದುಕೊಂಡು ಹಣವನ್ನು ಬೇಗನೆ ಕೊಡುತ್ತವೆ. ಗಡುವಿನ ದಿನ ಖರೀದಿದಾರನಿಂದ ವಸೂಲು ಮಾಡಿಕೊಳ್ಳುತ್ತವೆ. ಅವನು ಕಟ್ಟದಿದ್ದರೂ ಹೊರೆ ಸಣ್ಣವನ ತಲೆಗೆ ಬರುವುದಿಲ್ಲ. 250 ಕೋಟಿಗೂ ಹೆಚ್ಚು ವಹಿವಾಟಿನ ಕಂಪನಿಗಳು ಇದರಲ್ಲಿ ನೋಂದಾಯಿಸುವುದು ಈಗ ಕಡ್ಡಾಯ. ಆದರೆ ನೋಂದಾಯಿಸಿದ ಮಾತ್ರಕ್ಕೆ ಬಿಲ್ಲು ಒಪ್ಪಿದಂತಾಗುವುದಿಲ್ಲ.

ಇಲ್ಲಿ ರಾಜ್ಯ ಸರ್ಕಾರ ತಾನೇ ಮೇಲ್ಪಂಕ್ತಿ ಹಾಕಬಹುದು. ಅದೂ ದೊಡ್ಡ ಖರೀದಿದಾರ, ಅದೂ ಬಿಲ್ಲು ಉಳಿಸಿಕೊಳ್ಳುತ್ತದೆ. ಗುತ್ತಿಗೆದಾರರ ಬಾಕಿಯ ಕೂಗು ಯಾವ ಪಕ್ಷ ಅಧಿಕಾರಕ್ಕೆ ಬಂದರೂ ನಿಂತಿಲ್ಲ. ಗುತ್ತಿಗೆದಾರನಿಗೆ ಬಾರದ ಹಣ ಅವನಿಗೆ ಗೇಟು, ಗ್ರಿಲ್ಲು, ಪಂಪು ಮಾಡಿಕೊಟ್ಟವನಿಗೂ ಬರುವುದಿಲ್ಲ. ಈ ಬಾಕಿ ಹೊಸ ಖರ್ಚಲ್ಲ, ಆಗಲೇ ಮುಗಿದ ಕೆಲಸದ ಸಾಲ. ಅದನ್ನು ತೀರಿಸಲು ಹೊಸ ಯೋಜನೆಯಾಗಲಿ ಫಲಾನುಭವಿಗಳ ಪಟ್ಟಿಯಾಗಲಿ ಬೇಕಿಲ್ಲ.

ಹಾಗಾಗಿ ನನ್ನ ಅಭಿಪ್ರಾಯ ಇಷ್ಟು. ಹಿಂಜರಿತದ ಸುಳಿವು ಸಿಕ್ಕ ಕೂಡಲೇ ಹೊಸ ಪ್ಯಾಕೇಜಿನ ಮೊತ್ತ ಘೋಷಿಸುವ ಮುನ್ನ, ರಾಜ್ಯದ ಇಲಾಖೆಗಳೂ ನಿಗಮಗಳೂ ಸಣ್ಣ ಘಟಕಗಳ ಬಿಲ್ಲನ್ನು 45 ದಿನಗಳಲ್ಲಿ ತೀರಿಸಬೇಕು. ತೀರಿಸಲಾಗದ ಬಿಲ್ಲನ್ನು ಟ್ರೆಡ್ಸ್‌ನಲ್ಲಿ ಒಪ್ಪಿ ಹಾಕಬೇಕು. ಯಾವ ಇಲಾಖೆ ಎಷ್ಟು ದಿನ ಬಾಕಿ ಉಳಿಸಿಕೊಂಡಿದೆ ಎಂಬ ಪಟ್ಟಿಯನ್ನು ಮೂರು ತಿಂಗಳಿಗೊಮ್ಮೆ ಸದನದ ಮುಂದಿಡಬೇಕು. ನಮ್ಮ ಭಾಗದ ಶಾಸಕರೂ ಸಂಸದರೂ ಮುಂದಿನ ಬಾರಿ ಮತ ಕೇಳಲು ಬಂದಾಗ, ರಸ್ತೆ ನೀರಿನ ಪ್ರಶ್ನೆಗಳ ಜೊತೆಗೆ ಆ ಪಟ್ಟಿಯನ್ನೂ ಅವರಲ್ಲಿ ಕೇಳಿ.