ನಿಲ್ಲಿಸಿದರೆ ನಿಂತಂತೆಯೇ?

ಕೋಲಾರದ ಟೊಮೆಟೊ ರಾತ್ರಿ ಲಾರಿ ಹತ್ತಿ ಚೆನ್ನೈನ ಕೋಯಂಬೇಡು ಸಗಟು ಮಾರುಕಟ್ಟೆಗೆ ಹೋಗುತ್ತದೆ. ಅಲ್ಲಿನ ವ್ಯಾಪಾರಿ ಫೋನ್ ಮಾಡಿ ‘ಈ ಲೋಡ್ ಬೇಡ’ ಅಂದರೆ ಏನಾಗುತ್ತದೆ? ಬಾಕ್ಸುಗಳು ಇನ್ನೂ ಮಂಡಿಯಲ್ಲೇ ಇದ್ದರೆ ಮಾತು ಅಲ್ಲಿಗೆ ಮುಗಿಯಿತು. ಲಾರಿ ಹೆದ್ದಾರಿಯಲ್ಲಿದ್ದರೆ ಬಾಡಿಗೆ ಯಾರ ತಲೆಗೆ ಎಂಬ ಜಗಳ ಶುರು. ಅರ್ಧ ಮಾಲು ಕೋಯಂಬೇಡಿನಲ್ಲಿ ಇಳಿದಾಗಿದ್ದರೆ ‘ಬೇಡ’ ಎಂಬ ಮಾತಿಗೆ ಅರ್ಥವೇ ಬೇರೆ. ಇದನ್ನು ಯಾರೂ ಬರೆದಿಟ್ಟಿಲ್ಲ, ಬರೆದಿಡಬೇಕಾಗಿಯೂ ಇಲ್ಲ. ಫೋನ್ ಎತ್ತಿದವರು ಮೊದಲು ಕೇಳುವುದೇ ‘ಲಾರಿ ಎಲ್ಲಿದೆ?’ ಎಂದು.

ಎಐ ಏಜೆಂಟ್ ತಾನಾಗಿ ಹಾಗೆ ಕೇಳುತ್ತದೆಂದು ನಂಬುವಂತಿಲ್ಲ. ಆಂಥ್ರೊಪಿಕ್ ಕಂಪನಿ 2024ರ ನವೆಂಬರ್‌ನಲ್ಲಿ ಮಾಡೆಲ್ ಕಾಂಟೆಕ್ಸ್ಟ್ ಪ್ರೋಟೋಕಾಲ್ ಪ್ರಕಟಿಸಿದ ಮೇಲೆ, ಕಂಪನಿಯ ಯಂತ್ರಗಳ ಕೆಲಸವನ್ನು ಇಂಥ ಏಜೆಂಟುಗಳ ಕೈಗೆ ಕೊಡುವುದು ಸುಲಭವಾಗಿದೆ. ರಾತ್ರಿಯಿಡೀ ಲಕ್ಷಾಂತರ ದಾಖಲೆಗಳನ್ನು ಸಂಸ್ಕರಿಸುವ ಜಾಬ್ ಒಂದನ್ನು ಶುರುಮಾಡುವ ಟೂಲ್ ಇರುವಂತೆಯೇ ರದ್ದು ಮಾಡುವ ಟೂಲ್ ಕೂಡ ಇರುತ್ತದೆ. ಆ ಟೂಲ್ ಬಗ್ಗೆ ಏಜೆಂಟಿಗೆ ಸಿಗುವುದು ಒಂದು ಹೆಸರು, ಏನೇನು ಕೊಡಬೇಕೆಂಬ ಪಟ್ಟಿ, ನಾಲ್ಕು ಸಾಲಿನ ವಿವರಣೆ. ಎಷ್ಟೋ ಸಲ ವಿವರಣೆ ಒಂದೇ ಸಾಲು: ‘ಕೊಟ್ಟ ಐಡಿಯ ಜಾಬ್ ಅನ್ನು ರದ್ದು ಮಾಡುತ್ತದೆ.’

ಆ ಒಂದು ಸಾಲು ಸಾಲದು. ಅಮೆಜಾನ್‌ನ ಎಡಬ್ಲ್ಯುಎಸ್ ಬ್ಯಾಚ್ ಸೇವೆಯನ್ನೇ ನೋಡಿ. ಅದರಲ್ಲಿ ‘ಕ್ಯಾನ್ಸಲ್’ ಆದೇಶ ಅನ್ವಯಿಸುವುದು ಇನ್ನೂ ಸರದಿಯಲ್ಲಿರುವ ಜಾಬ್‌ಗಳಿಗೆ ಮಾತ್ರ. ಓಡುತ್ತಿರುವುದನ್ನು ನಿಲ್ಲಿಸಲು ‘ಟರ್ಮಿನೇಟ್’ ಎಂಬ ಬೇರೆ ಆದೇಶ. ಓಡುತ್ತಿರುವ ಜಾಬ್‌ಗೆ ಕ್ಯಾನ್ಸಲ್ ಕಳಿಸಿದರೆ ಏನೂ ನಿಲ್ಲುವುದಿಲ್ಲ, ಆದರೂ ಉತ್ತರ ‘ಯಶಸ್ವಿ’ ಎಂದೇ ಬರುತ್ತದೆ. ಕಂಪನಿಯ ಡಾಕ್ಯುಮೆಂಟೇಷನ್ ಇದನ್ನು ಮುಚ್ಚಿಟ್ಟಿಲ್ಲ, ಸ್ಪಷ್ಟವಾಗಿ ಬರೆದಿದೆ. ಆದರೆ ಆ ವಾಕ್ಯ ಟೂಲಿನ ವಿವರಣೆಯೊಳಗೆ ಬರದಿದ್ದರೆ ಏಜೆಂಟ್ ತನ್ನ ಯಜಮಾನನಿಗೆ ‘ನಿಲ್ಲಿಸಿದ್ದೇನೆ’ ಎಂದು ವರದಿ ಒಪ್ಪಿಸುತ್ತದೆ. ಜಾಬ್ ಓಡುತ್ತಲೇ ಇರುತ್ತದೆ, ಬಿಲ್ಲೂ ಏರುತ್ತಲೇ ಇರುತ್ತದೆ.

ಗೂಗಲ್‌ನ ಡೇಟಾಫ್ಲೋದಲ್ಲಿ ತೊಡಕು ಬೇರೆ ಥರದ್ದು. ಅಲ್ಲಿ ‘ಕ್ಯಾನ್ಸಲ್’ ಮಾಡಿದರೆ ದಾರಿಯಲ್ಲಿರುವ ಡೇಟಾ ಕಳೆದುಹೋಗಬಹುದು. ‘ಡ್ರೇನ್’ ಮಾಡಿದರೆ ಹೊಸದನ್ನು ಒಳಗೆ ಬಿಡದೆ, ಒಳಗಿರುವುದನ್ನು ಮುಗಿಸಿ ನಿಲ್ಲುತ್ತದೆ. ಎರಡಕ್ಕೂ ಕನ್ನಡದಲ್ಲಿ ನಾವು ‘ನಿಲ್ಲಿಸು’ ಎಂದೇ ಅನ್ನುತ್ತೇವೆ.

ಈ ಕ್ರಿಯಾಪದವೇ ಒಂದು ಬಲೆ. ‘ನಿಲ್ಲಿಸಿದರು’ ಅಂದರೆ ‘ನಿಂತಿತು’ ಅನ್ನುವುದೂ ಅದರಲ್ಲೇ ಸೇರಿದೆ. ‘ಬಸ್ ನಿಲ್ಲಿಸಿದರು, ಆದರೆ ನಿಲ್ಲಲಿಲ್ಲ’ ಎಂದು ಯಾರೂ ಆಡುವುದಿಲ್ಲ; ‘ನಿಲ್ಲಿಸಲು ಹೇಳಿದರು, ನಿಲ್ಲಲಿಲ್ಲ’ ಅನ್ನುತ್ತಾರೆ. ಈ ಟೂಲುಗಳಲ್ಲಿ ಹೆಚ್ಚಿನವು ಮಾಡುವುದು ‘ನಿಲ್ಲಿಸಲು ಹೇಳುವ’ ಕೆಲಸವನ್ನು. ಹೆಸರು ಮತ್ತು ವಿವರಣೆ ಮಾತ್ರ ‘ನಿಲ್ಲಿಸುವ’ ಗತ್ತಿನಲ್ಲಿರುತ್ತವೆ.

ನಿಜವಾಗಿ ನಿಂತ ಮೇಲೂ ಆಗಿಹೋದದ್ದು ಹಿಂದಕ್ಕೆ ಬರುವುದಿಲ್ಲ. 2020ರ ಮೇ 5ರಂದು ಕೋವಿಡ್ ಕಾರಣಕ್ಕೆ ಕೋಯಂಬೇಡು ಮಾರುಕಟ್ಟೆಯನ್ನು ಮುಚ್ಚಿದರು. ಅಷ್ಟರಲ್ಲಿ ಅಲ್ಲಿ ದುಡಿಯುತ್ತಿದ್ದ ಅನೇಕರು ಕಡಲೂರು, ವಿಲ್ಲುಪುರಂ, ಅರಿಯಲೂರು ಕಡೆಯ ತಮ್ಮ ಊರುಗಳನ್ನು ಸೇರಿಯಾಗಿತ್ತು, ಸೋಂಕೂ ಜೊತೆಗೆ ಹೋಗಿತ್ತು. ಬಾಗಿಲು ಹಾಕಿದ್ದು ಸರಿಯೇ, ಆದರೆ ಊರು ಸೇರಿದವರನ್ನು ಹುಡುಕುವುದು ಬೇರೆಯದೇ ಕೆಲಸವಾಯಿತು. ರದ್ದಾದ ಡೇಟಾ ಜಾಬ್ ಕೂಡ ಅರ್ಧ ಬರೆದ ಫೈಲುಗಳನ್ನು ಬಿಟ್ಟು ಹೋಗಬಹುದು. ಅವನ್ನು ಪೂರ್ತಿ ಫೈಲೆಂದು ತಿಳಿದು ಇನ್ನೊಂದು ಜಾಬ್ ಎತ್ತಿಕೊಂಡರೆ ತಪ್ಪು ಲೆಕ್ಕ ಮುಂದಕ್ಕೆ ಹರಿಯುತ್ತದೆ.

ಇಷ್ಟೆಲ್ಲ ಬರೆದರೆ ವಿವರಣೆ ಉದ್ದವಾಗುತ್ತದೆ, ಏಜೆಂಟ್ ಪ್ರತಿ ಸಲವೂ ಅದನ್ನು ಓದಬೇಕು, ಓದಿದಷ್ಟೂ ಖರ್ಚು ಎಂಬ ಆಕ್ಷೇಪ ಎಂಜಿನಿಯರುಗಳದು. ಅದರಲ್ಲಿ ಹುರುಳಿದೆ. ಹಾಗಿದ್ದರೆ ಡೇಟಾ ಪಟ್ಟಿ ತೋರಿಸುವ ನಿರುಪದ್ರವಿ ಟೂಲುಗಳ ವಿವರಣೆಯನ್ನು ಬೇಕಾದಷ್ಟು ಕತ್ತರಿಸಲಿ. ರದ್ದು ಮಾಡುವ ಟೂಲಿನಲ್ಲಿ ಜಿಪುಣತನ ಬೇಡ. ಟೂಲ್ ಹಾನಿ ಮಾಡಬಲ್ಲದು ಎಂದು ಗುರುತು ಹಾಕುವ ಸೌಲಭ್ಯ ಆ ಪ್ರೋಟೋಕಾಲ್‌ನಲ್ಲೇ ಇದೆಯಲ್ಲ ಎಂದೂ ಕೆಲವರು ಕೇಳಬಹುದು. ಇದೆ. ಆದರೆ ಅದು ಬರೀ ಸುಳಿವು, ಬೀಗ ಅಲ್ಲ. ನಂಬಿಕೆಯಿಲ್ಲದ ಕಡೆಯಿಂದ ಬಂದ ಸುಳಿವನ್ನು ನೆಚ್ಚಬೇಡಿ ಎಂದು ಪ್ರೋಟೋಕಾಲೇ ಹೇಳುತ್ತದೆ. ಬೇರೆಯವರ ಜಾಬ್ ಮುಟ್ಟದಂತೆ ತಡೆಯಬೇಕಾದ್ದು ಅನುಮತಿಯ ವ್ಯವಸ್ಥೆ. ಅದನ್ನು ವಿವರಣೆಯ ಮೇಲೆ ಹೊರಿಸಬಾರದು.

ವಿವರಣೆಯಿಂದ ಕೇಳಬೇಕಾದ್ದು ಇಷ್ಟು: ‘ಜಾಬ್ ನಿಲ್ಲಿಸುವಂತೆ ಕೋರಿಕೆ ಕಳಿಸುತ್ತದೆ. ಯಶಸ್ವಿ ಎಂದರೆ ಕೋರಿಕೆ ತಲುಪಿದೆ ಎಂದಷ್ಟೇ ಅರ್ಥ. ಆಗಲೇ ಬರೆದ ಫೈಲುಗಳು ಹಾಗೇ ಉಳಿಯುತ್ತವೆ. ಸ್ಥಿತಿಯನ್ನು ಮತ್ತೆ ಕೇಳಿ ನೋಡಿದ ಮೇಲೆಯೇ ನಿಂತಿದೆ ಎಂದು ಹೇಳು.’